ಕಲ್ಲಿನ ಹೆಸರು ಕಲ್ಲಿಗೆಷ್ಟು ಸೇರಿದ್ದು?

ಒಂದು ವಸ್ತುವನ್ನು ಇಂಥದ್ದು ಎಂದು ಹೆಸರಿಸಿದಾಗ ನಾವು ಮಾಡಿದ ಕೆಲಸ ಯಾವುದು? ಜಗತ್ತಿನಲ್ಲಿ ಮೊದಲೇ ಇದ್ದ ಒಂದು ಭೇದವನ್ನು ಗುರುತಿಸಿದೆವೇ, ಅಥವಾ ನಮ್ಮ ಅನುಕೂಲಕ್ಕೆ ಒಂದು ಗೆರೆ ಎಳೆದು ಆಚೆಗೊಂದು ಈಚೆಗೊಂದು ಹೆಸರು ಹಂಚಿದೆವೇ? ಭಾರತೀಯ ದರ್ಶನಗಳು ಶತಮಾನಗಳ ಕಾಲ ಈ ಪ್ರಶ್ನೆಯ ಬೆನ್ನು ಬಿಡಲಿಲ್ಲ. ಎಲ್ಲ ಹಸುಗಳಲ್ಲೂ ಗೋತ್ವವೆಂಬ ನಿತ್ಯವಾದ ಒಂದು ಸಾಮಾನ್ಯವಿದೆ, ಪದ ಅದನ್ನು ಮುಟ್ಟುತ್ತದೆ ಎಂದರು ನ್ಯಾಯ ವೈಶೇಷಿಕರು. ಅಂಥ ಸಾಮಾನ್ಯ ಎಲ್ಲೂ ಇಲ್ಲ, ಹಸುವಲ್ಲದ್ದನ್ನು ಬೇರ್ಪಡಿಸುವುದಷ್ಟೇ ಆ ಪದದ ಕೆಲಸ ಎಂದರು ಬೌದ್ಧರು. ವಿಕಾರಗಳೆಲ್ಲ ಬರಿಯ ಹೆಸರು, ಮೂಲದ್ರವ್ಯವೊಂದೇ ಸತ್ಯ ಎಂದರು ವೇದಾಂತಿಗಳು. ವಾದಕ್ಕೆ ಇವರೆಲ್ಲ ಎತ್ತಿಕೊಂಡ ಉದಾಹರಣೆಗಳು ಹಸು, ಗಡಿಗೆ, ಚಿನ್ನ, ಬೆಳ್ಳಿ. ಆ ಹೆಸರುಗಳು ಯಾವಾಗ ಹುಟ್ಟಿದವು, ಮೊದಲು ಯಾವ ಹಸುವನ್ನು ತೋರಿಸಿ ಯಾರು ಕರೆದರು ಎಂಬುದಕ್ಕೆ ಸಾಕ್ಷಿಯಿಲ್ಲ. ಹಾಗಾಗಿ ಪ್ರತಿಯೊಂದು ಪಕ್ಷವೂ ತನಗೆ ಬೇಕಾದ ಹುಟ್ಟನ್ನು ಊಹಿಸಿಕೊಳ್ಳಬಹುದಿತ್ತು. ಇಟ್ಟವರು ಯಾರು, ಯಾವ ವರ್ಷ, ಯಾವ ವಸ್ತುವನ್ನು ಮುಂದಿಟ್ಟುಕೊಂಡು, ಆಮೇಲೆ ಆ ಹೆಸರು ಎಷ್ಟು ಸಲ ಪರೀಕ್ಷೆಗೆ ಒಳಗಾಯಿತು ಎಂಬುದೆಲ್ಲ ದಾಖಲಾಗಿರುವ ಒಂದು ಹೆಸರನ್ನು ಎದುರಿಗಿಟ್ಟುಕೊಂಡರೆ ಈ ಹಳೆಯ ಚರ್ಚೆಗೆ ಹೊಸ ಬೆಳಕು ಸಿಕ್ಕೀತು. ಭೂವಿಜ್ಞಾನಿಗಳ ವಲಯದ ಹೊರಗೆ ಅಷ್ಟಾಗಿ ಕೇಳಿಬರದ ಚಾರ್ನೊಕೈಟ್ ಅಂಥ ಒಂದು ಹೆಸರು.

ಕೋಲ್ಕತ್ತದ ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿ ಜಾಬ್ ಚಾರ್ನಾಕ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯ ಸಮಾಧಿಯಿದೆ. 1690ರಲ್ಲಿ ಹೂಗ್ಲಿ ದಂಡೆಯ ಸುತಾನುಟಿಯಲ್ಲಿ ಕಂಪನಿಯ ಠಾಣ್ಯ ಹೂಡಿದ ಈತ ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಸಮಾಧಿಯ ಮೇಲೆ ಲ್ಯಾಟಿನ್ ಬರಹವುಳ್ಳ ಕಪ್ಪನೆಯ ಕಲ್ಲೊಂದನ್ನು ಇಡಲಾಯಿತು. ಬಂಗಾಳದ ಮೆಕ್ಕಲು ಬಯಲಿನಲ್ಲಿ ಅಂಥ ಕಲ್ಲು ಸಿಗುವುದಿಲ್ಲ. ಸುಮಾರು 200 ವರ್ಷಗಳ ಮೇಲೆ, 1893ರಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಥಾಮಸ್ ಹೆನ್ರಿ ಹಾಲೆಂಡ್ ಆ ಕಲ್ಲನ್ನು ಪರೀಕ್ಷಿಸಿ, ಅದು ಮದರಾಸಿನ ಬಳಿಯ ಪಲ್ಲಾವರಂ ಮತ್ತು ಸೇಂಟ್ ಥಾಮಸ್ ಮೌಂಟಿನ ಕಲ್ಲಿನಂಥದೇ ಎಂದು ಕಂಡುಕೊಂಡರು. ಆ ಬಗೆಯ ಶಿಲೆಗೆ ಅದುವರೆಗೆ ಒಪ್ಪಿತವಾದ ಪ್ರತ್ಯೇಕ ಹೆಸರಿರಲಿಲ್ಲ. ಗೋರಿಯಲ್ಲಿ ಮಲಗಿದ್ದವನ ಹೆಸರನ್ನೇ ಹಾಲೆಂಡ್ ಗೋರಿಯ ಕಲ್ಲಿಗೆ ಕೊಟ್ಟರು. ತಮಿಳು ನೆಲದ ಶಿಲೆ, ಬಂಗಾಳದ ಸಮಾಧಿ, ಇಂಗ್ಲೆಂಡಿನವನ ಹೆಸರು. ಮೂರಕ್ಕೂ ಒಂದಕ್ಕೊಂದು ಯಾವ ಸಹಜ ಸಂಬಂಧವೂ ಇಲ್ಲ. ಹೆಸರೆಂಬುದು ಕೇವಲ ಮನುಷ್ಯರ ಕಟ್ಟು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಹೆಸರಿನ ಹುಟ್ಟು ಆಕಸ್ಮಿಕವಾದ ಮಾತ್ರಕ್ಕೆ ಅದರ ಅರ್ಥವೂ ಆಕಸ್ಮಿಕವಾಗಬೇಕಿಲ್ಲ ಎಂಬುದೇ ಈ ಲೇಖನದ ವಾದದ ಮೊದಲ ಹೆಜ್ಜೆ.

ಅರ್ಥ ಎಲ್ಲಿದೆ ಎಂದು ತಿಳಿಯಲು ಕಲ್ಲಿನ ಹತ್ತಿರ ಹೋಗಬೇಕು. ಈಗಷ್ಟೇ ಒಡೆದ ಚಾರ್ನೊಕೈಟ್ ಚೂರು ಹಸಿರು ಬೆರೆತ ಕಡುಬೂದು ಬಣ್ಣದ್ದು, ಎಣ್ಣೆ ಸವರಿದಂತೆ ಮಿನುಗುವಂಥದ್ದು. ಸಾಮಾನ್ಯ ಗ್ರಾನೈಟಿನಲ್ಲಿ ಬಿಳಿಯಾಗಿಯೋ ಗುಲಾಬಿಯಾಗಿಯೋ ಇರುವ ಫೆಲ್ಡ್‌ಸ್ಪಾರ್ ಇಲ್ಲಿ ಹಸಿರಿಗೆ ತಿರುಗಿರುತ್ತದೆ. ಬೆಣಚಿನಲ್ಲೂ ಎಷ್ಟೋ ಕಡೆ ನೀಲಿಯ ಛಾಯೆ ಕಾಣುತ್ತದೆ. ಬಿಸಿಲು ಮಳೆಗೆ ಒಡ್ಡಿಕೊಂಡ ಹೊರಮೈ ಕಂದು ತಿರುಗಿ, ಒಳಗಿನ ಬಣ್ಣದ ಸುಳಿವನ್ನೇ ಕೊಡುವುದಿಲ್ಲ. ಅದರ ಒಂದು ಬಿಲ್ಲೆಯನ್ನು ಗಾಜಿನ ಮೇಲೆ ಅಂಟಿಸಿ, ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳ್ಳಗಾಗುವವರೆಗೆ ಉಜ್ಜಿದರೆ ಬೆಳಕು ಹಾಯುತ್ತದೆ. ಸೂಕ್ಷ್ಮದರ್ಶಕದಡಿ ಇಟ್ಟು ಪೀಠವನ್ನು ತಿರುಗಿಸುತ್ತ ಹೋದರೆ, ಬಣ್ಣವಿಲ್ಲದ ಬೆಣಚು ಫೆಲ್ಡ್‌ಸ್ಪಾರುಗಳ ನಡುವೆ ಕೆಲವು ಹರಳುಗಳು ತೆಳುಗುಲಾಬಿಯಿಂದ ತೆಳುಹಸಿರಿಗೆ, ಮತ್ತೆ ಗುಲಾಬಿಗೆ ಬಣ್ಣ ಬದಲಿಸುವುದು ಕಾಣುತ್ತದೆ. ಹಾಲೆಂಡರ ಕಾಲದಲ್ಲಿ ಆ ಹರಳಿನ ಹೆಸರು ಹೈಪರ್ಸ್ತೀನ್. ಬೆಣಚು, ಫೆಲ್ಡ್‌ಸ್ಪಾರ್, ಹೈಪರ್ಸ್ತೀನ್, ಜೊತೆಗೆ ಒಂದಿಷ್ಟು ಕಬ್ಬಿಣದ ಅದಿರಿನ ಕಣ, ಇವು ಕೂಡಿದ್ದು ಚಾರ್ನೊಕೈಟ್. ಗ್ರಾನೈಟಿನಲ್ಲಿ ಕಪ್ಪು ಅಭ್ರಕ ಇರಬೇಕಾದ ಜಾಗದಲ್ಲಿ ಇಲ್ಲಿ ಹೈಪರ್ಸ್ತೀನ್ ಕುಳಿತಿದೆ. ಅಭ್ರಕದ ರಚನೆಯೊಳಗೆ ನೀರಿನ ಅಂಶವಿದೆ, ಹೈಪರ್ಸ್ತೀನಿನಲ್ಲಿ ಇಲ್ಲ. ಎಂದರೆ ನೀರು ಉಳಿಯಲಾಗದಂಥ ಬಿಸಿಯಲ್ಲಿ, ಆಳದಲ್ಲಿ, ಒಣ ಪರಿಸರದಲ್ಲಿ ಈ ಶಿಲೆ ರೂಪುಗೊಂಡಿದೆ. ಚಾರ್ನಾಕನ ಬದುಕಿಗೂ ಈ ಸಂಗತಿಗೂ ಏನೇನೂ ಸಂಬಂಧವಿಲ್ಲ. ಅವನ ಹೆಸರು ಹೊತ್ತ ಪದ ಮಾತ್ರ ಇದನ್ನೇ ಹೇಳುತ್ತದೆ.

ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಪದದ ಅರ್ಥ ಯಾವುದೆಂಬ ವಿಚಾರ ಬರುತ್ತದೆ. ಎದುರಿಗಿರುವ ಒಂದು ವ್ಯಕ್ತಿಯೇ, ಅದರ ಅವಯವಗಳ ಜೋಡಣೆಯಾದ ಆಕೃತಿಯೇ, ಅಂಥವೆಲ್ಲವುಗಳಲ್ಲಿ ಸಮಾನವಾಗಿರುವ ಜಾತಿಯೇ ಎಂದು ಒಂದೊಂದನ್ನೂ ಪರೀಕ್ಷಿಸಿ, ಮೂರೂ ಸೇರಿಯೇ ಪದಾರ್ಥ ಎಂದು ಗೌತಮ ನಿಲ್ಲಿಸುತ್ತಾನೆ. ಆಕೃತಿಯನ್ನು ಅವನು ಜಾತಿಯನ್ನು ತೋರಿಸಿಕೊಡುವ ಗುರುತು ಎಂದು ಕರೆಯುತ್ತಾನೆ. ನಮ್ಮ ಶಿಲೆಯ ಇತಿಹಾಸ ಈ ಮೂರರ ಕ್ರಮದಲ್ಲೇ ನಡೆದಿರುವುದು ಗಮನಿಸತಕ್ಕದ್ದು. ಸಮಾಧಿಯ ಮೇಲಿನ ಒಂದೇ ಒಂದು ಕಲ್ಲು ವ್ಯಕ್ತಿ. ಸೂಕ್ಷ್ಮದರ್ಶಕ ತೋರಿಸಿದ ಖನಿಜಗಳ ಜೋಡಣೆ ಆಕೃತಿ. ಆ ಜೋಡಣೆ ಯಾವ ಕಾರಣದಿಂದ ಉಂಟಾಯಿತು, ಅದರ ಹುಟ್ಟಿನ ಬಗೆ ಯಾವುದು ಎಂಬುದು ಜಾತಿ. ಇಲ್ಲೊಂದು ಆಕ್ಷೇಪವನ್ನು ನ್ಯಾಯಭಾಷ್ಯವೇ ಮುಂದಿಡುತ್ತದೆ. ಮಣ್ಣು, ಚಿನ್ನ, ಬೆಳ್ಳಿಗಳಲ್ಲಿ ಜಾತಿಯನ್ನು ತೋರಿಸುವ ಆಕೃತಿಯಿಲ್ಲ. ಹಸುವಿಗಿರುವಂತೆ ಚಿನ್ನಕ್ಕೆ ಕೊಂಬು ಗೊರಸುಗಳ ಜೋಡಣೆ ಎಲ್ಲಿದೆ? ಕಲ್ಲೂ ಹಾಗೆಯೇ ಅಲ್ಲವೇ ಎಂದು ಕೇಳಬಹುದು. ಬರಿಗಣ್ಣಿಗೆ ಅದು ಹಾಗೆಯೇ. ಉಜ್ಜಿದ ಬಿಲ್ಲೆಯಲ್ಲಿ ಮಾತ್ರ ಅದಕ್ಕೆ ಅವಯವಗಳಿವೆ, ಅವಕ್ಕೊಂದು ಕ್ರಮವಿದೆ, ಯಾವ ಹರಳು ಯಾವುದನ್ನು ಸುತ್ತುವರಿದಿದೆ ಎಂಬುದಕ್ಕೆ ಕಾರಣವಿದೆ. ಭಾಷ್ಯಕಾರನ ಆಕ್ಷೇಪ ಕಣ್ಣಿನ ಮಿತಿಯನ್ನು ಹೇಳುತ್ತದೆಯೇ ಹೊರತು ವಸ್ತುವಿನ ಮಿತಿಯನ್ನಲ್ಲ.

ತೊಡಕು ಇರುವುದು ಮೂರನೆಯದರಲ್ಲಿ. 1900ರಲ್ಲಿ ಹಾಲೆಂಡ್ ದಕ್ಷಿಣ ಭಾರತದ ಚಾರ್ನೊಕೈಟ್ ಶ್ರೇಣಿಯ ಬಗ್ಗೆ ವಿಸ್ತಾರವಾದ ಗ್ರಂಥ ಪ್ರಕಟಿಸಿದರು. ಅವರ ಪ್ರಕಾರ ಇದು ಶಿಲಾಪಾಕ ತಣಿದು ಆದ ಅಗ್ನಿಶಿಲೆ. ಜಾತಿ ನಿಶ್ಚಯವಾಯಿತು ಎಂದೇ ತೋರಿತು. ಆದರೆ ಮುಂದಿನ ದಶಕಗಳಲ್ಲಿ ಕ್ಷೇತ್ರಕಾರ್ಯ ಬೆಳೆದಂತೆ, ಮೊದಲೇ ಇದ್ದ ಬೇರೆ ಶಿಲೆ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಹೀಗೆ ಬದಲಾಗಿದೆ, ಇದು ರೂಪಾಂತರ ಶಿಲೆ ಎಂಬ ಪಕ್ಷ ಬಲವಾಯಿತು. ಈ ಚರ್ಚೆಯಲ್ಲಿ ಮೈಸೂರು ಸೀಮೆಯ ಪಾಲು ದೊಡ್ಡದು. ಮೈಸೂರು ಭೂವಿಜ್ಞಾನ ಇಲಾಖೆಯ ಬಿ. ರಾಮರಾವ್ 1945ರಲ್ಲಿ ಸಂಸ್ಥಾನದ ಚಾರ್ನೊಕೈಟ್ ಶಿಲೆಗಳನ್ನು ಕುರಿತು ಬರೆದರು. ಸಿ. ಎಸ್. ಪಿಚ್ಚಮುತ್ತು 1953ರಲ್ಲಿ ಇಡೀ ವಿವಾದವನ್ನೇ ವಸ್ತುವಾಗಿಟ್ಟುಕೊಂಡು ಒಂದು ಪುಸ್ತಕ ಪ್ರಕಟಿಸಿದರು. 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅವರ ಚಿಕ್ಕ ಲೇಖನ ಕನಕಪುರದ ಕಡೆಯ ಕಬ್ಬಾಳದುರ್ಗದತ್ತ ಜಗತ್ತಿನ ಭೂವಿಜ್ಞಾನಿಗಳ ಗಮನ ಸೆಳೆಯಿತು. ಚಾರ್ನೊಕೈಟ್ ಆಗುತ್ತಿರುವ ಸ್ಥಿತಿಯಲ್ಲೇ ಅಲ್ಲಿ ಸಿಕ್ಕಿಬಿದ್ದಿದೆ ಎಂಬುದು ಅದರ ಸಾರ.

ಕಬ್ಬಾಳದ ಕಲ್ಲುಕ್ವಾರಿಯ ಗೋಡೆಯಲ್ಲಿ ಕಾಣುವುದು ಇದು: ಬೂದು ಬಿಳುಪಿನ ನೈಸ್ ಶಿಲೆ, ಅದರಲ್ಲಿ ಅಲೆಯಲೆಯಾಗಿ ಹರಿದ ಕಪ್ಪು ಬಿಳಿ ಪಟ್ಟೆಗಳು. ಆ ಪಟ್ಟೆಗಳಿಗೆ ಅಡ್ಡವಾಗಿ, ಕೆಲವೆಡೆ ಸೀಳಿನಂತೆ, ಕೆಲವೆಡೆ ಕಲೆಯಂತೆ, ಎಣ್ಣೆಹಸಿರಿನ ದಪ್ಪಹರಳಿನ ಚಾರ್ನೊಕೈಟ್ ಹರಡಿದೆ. ನೈಸಿನ ಪಟ್ಟೆಯೊಂದನ್ನು ಹಿಂಬಾಲಿಸಿದರೆ ಅದು ಹಸಿರು ಕಲೆಯೊಳಗೆ ನುಗ್ಗಿ, ಮಸುಕಾಗಿ, ಎಷ್ಟೋ ಕಡೆ ಪೂರ್ತಿ ಅಳಿಸಿಹೋಗುತ್ತದೆ. ಶಿಲಾಪಾಕ ಹೊರಗಿನಿಂದ ನುಗ್ಗಿ ಬಂದಿದ್ದರೆ ಪಟ್ಟೆ ಗಡಿಯಲ್ಲೇ ಕಡಿದುಹೋಗಬೇಕಿತ್ತು. ಇಲ್ಲಿ ಅದೇ ನೈಸ್, ಇದ್ದ ಜಾಗದಲ್ಲೇ, ಇನ್ನೊಂದು ಶಿಲೆಯಾಗಿ ಮಾರ್ಪಟ್ಟಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಈ ಬದಲಾವಣೆ ನಡೆಯಿತು. ಮೈಸೂರು ವಿಶ್ವವಿದ್ಯಾಲಯದ ಎ. ಎಸ್. ಜನಾರ್ದನ್ ಮತ್ತು ಅವರ ಸಹಸಂಶೋಧಕರು 1982ರಲ್ಲಿ ಇದನ್ನು ವಿವರಿಸಿದರು. ಬಿರುಕುಗಳಗುಂಟ ಆಳದಿಂದ ಏರಿಬಂದ ಇಂಗಾಲದ ಡೈಆಕ್ಸೈಡ್ ನೀರನ್ನು ಹೊರದೂಡಿತು. ಅಭ್ರಕ ಮತ್ತು ಹಾರ್ನ್‌ಬ್ಲೆಂಡ್ ಒಡೆದು ಹೈಪರ್ಸ್ತೀನ್ ಆಯಿತು. ಇಂಥ ಶಿಲೆಗಳ ಬೆಣಚಿನ ಹರಳುಗಳೊಳಗೆ ಆ ಅನಿಲ ಸೂಕ್ಷ್ಮವಾದ ಗುಳ್ಳೆಗಳಾಗಿ ಇನ್ನೂ ಉಳಿದಿದೆ. ಆ ಅನಿಲದ ಪಾತ್ರ ಎಷ್ಟು, ಕರಗುವಿಕೆಯ ಪಾತ್ರ ಎಷ್ಟು ಎಂಬುದರಲ್ಲಿ ಮತಭೇದವಿದೆ. ನೈಸ್ ಇದ್ದಲ್ಲೇ ಬದಲಾಯಿತು ಎಂಬುದನ್ನು ಮಾತ್ರ ಕ್ವಾರಿಯ ಗೋಡೆಯೇ ತೋರಿಸುತ್ತದೆ.

ಹಾಗಾದರೆ ಹಾಲೆಂಡ್ ಹೇಳಿದ್ದು ತಪ್ಪೇ? ಅದೂ ಪೂರ್ತಿ ತಪ್ಪಲ್ಲ. ಅಂಟಾರ್ಕ್ಟಿಕಾದ ಮಾಸನ್ ಸಂಶೋಧನಾ ಕೇಂದ್ರದ ಸುತ್ತಲಿನ ಚಾರ್ನೊಕೈಟ್ ಶಿಲಾಪಾಕದಿಂದಲೇ ಆದದ್ದು. ಇನ್ನು ಕೇರಳದ ಪೊನ್ಮುಡಿಯಲ್ಲಿ ಕಬ್ಬಾಳದಂತೆಯೇ ನೈಸಿನ ಮೈಮೇಲೆ ಹಸಿರು ಕಲೆಗಳು ಮೂಡಿವೆ. ಅದರ ವಯಸ್ಸು ಮಾತ್ರ ಸುಮಾರು 55 ಕೋಟಿ ವರ್ಷ. ಎರಡರ ನಡುವೆ ಹೆಚ್ಚುಕಡಿಮೆ 200 ಕೋಟಿ ವರ್ಷಗಳ ಅಂತರ. ಆಕೃತಿ ಒಂದು, ಹುಟ್ಟು ಹಲವು. ಮಿಥಿಲೆಯ ಉದಯನಾಚಾರ್ಯ ಕಿರಣಾವಲಿಯಲ್ಲಿ ಯಾವುದನ್ನು ಜಾತಿ ಎಂದು ಒಪ್ಪಬಾರದು ಎನ್ನಲು ಆರು ಬಾಧಕಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲೊಂದು ಸಂಕರ. ಎರಡು ಧರ್ಮಗಳು ಕೆಲವೆಡೆ ಒಟ್ಟಿಗಿದ್ದು, ಕೆಲವೆಡೆ ಒಂದನ್ನು ಬಿಟ್ಟು ಇನ್ನೊಂದಿದ್ದರೆ ಅವನ್ನು ಜಾತಿ ಎನ್ನಲಾಗದು. ಶಾಸ್ತ್ರದ ಉದಾಹರಣೆ ಭೂತತ್ವ ಮತ್ತು ಮೂರ್ತತ್ವ: ಆಕಾಶದಲ್ಲಿ ಮೊದಲನೆಯದು ಮಾತ್ರ, ಮನಸ್ಸಿನಲ್ಲಿ ಎರಡನೆಯದು ಮಾತ್ರ, ಪೃಥ್ವಿಯಲ್ಲಿ ಎರಡೂ. ನಮ್ಮ ಶಿಲೆಗೆ ಇದು ಅಕ್ಷರಶಃ ಹೊಂದುತ್ತದೆ. ಮಾಸನ್ನಿನಲ್ಲಿ ಚಾರ್ನೊಕೈಟ್ ಇದೆ, ಅದರ ಹುಟ್ಟಿಗೆ ರೂಪಾಂತರ ಕಾರಣವಲ್ಲ. ಅಮೃತಶಿಲೆಯಲ್ಲಿ ರೂಪಾಂತರವಿದೆ, ಚಾರ್ನೊಕೈಟ್ ಇಲ್ಲ. ಕಬ್ಬಾಳದಲ್ಲಿ ಎರಡೂ ಇವೆ. ಉದಯನನ ತೀರ್ಪಿನಂತೆ ಚಾರ್ನೊಕೈಟ್‌ತನ ನಿತ್ಯವಾದ ಜಾತಿಯಲ್ಲ, ಉಪಾಧಿ; ಹಲವು ಸಂಗತಿಗಳು ಕೂಡಿದ್ದನ್ನು ಆಧರಿಸಿ ನಾವು ಗ್ರಹಿಸಿದ ಒಂದು ಧರ್ಮ.

ಇಷ್ಟು ಒಪ್ಪಿದ ಕೂಡಲೇ ಬೌದ್ಧ ವಾದಿ ಎದ್ದು ನಿಲ್ಲುತ್ತಾನೆ. ಜಾತಿಯಿಲ್ಲವೆಂದು ನೀವೇ ಹೇಳಿದಿರಿ. ಹಾಗಾದರೆ ದಿಙ್ನಾಗ ಹೇಳಿದ್ದೇ ಸರಿ, ಚಾರ್ನೊಕೈಟ್ ಎಂಬ ಪದ ಚಾರ್ನೊಕೈಟ್ ಅಲ್ಲದ್ದನ್ನು ಹೊರಗಿಡುವ ಮನಸ್ಸಿನ ವ್ಯಾಪಾರವಷ್ಟೇ. ಈ ಪಕ್ಷದ ಬಲವನ್ನು ಕಡೆಗಣಿಸಲಾಗದು. ಅಂತರರಾಷ್ಟ್ರೀಯ ಭೂವೈಜ್ಞಾನಿಕ ಒಕ್ಕೂಟದ ವರ್ಗೀಕರಣದಲ್ಲಿ ಗ್ರಾನೈಟ್ ಬಳಗಕ್ಕೆ ಸೇರಬೇಕಾದರೆ ಬೆಣಚಿನ ಪಾಲು ಶೇಕಡಾ 20ರಿಂದ 60ರೊಳಗಿರಬೇಕು. ಶೇಕಡಾ 19 ಇದ್ದರೆ ಬೇರೆ ಹೆಸರು. ಈ 20 ಎಂಬ ಅಂಕಿ ಯಾವ ಬೆಟ್ಟದಲ್ಲೂ ಕೊರೆದಿಲ್ಲ. ಅದನ್ನಿಟ್ಟದ್ದು ಒಂದು ಸಮಿತಿ. ಕೆಲವರು ಈ ಹೆಸರನ್ನು ಅಗ್ನಿಶಿಲೆಗೆ ಮಾತ್ರ ಮೀಸಲಿಡಬೇಕೆಂದು ವಾದಿಸಿದರೆ, ಕೆಲವರು ಹುಟ್ಟನ್ನು ಕೇಳದೆ ಖನಿಜಗಳನ್ನು ನೋಡಿಯೇ ಹೆಸರಿಡೋಣ ಎಂದಿದ್ದಾರೆ. ಗಡಿ ನಮ್ಮದು ಎಂಬುದು ನಿಜ. ಆದರೆ ಗಡಿ ನಮ್ಮದಾದರೆ ಭೇದವೂ ನಮ್ಮದೇ ಆಗಬೇಕೆಂಬ ತೀರ್ಮಾನ ಹೊರಡುವುದಿಲ್ಲ. ಬೆಣಚು ಎಷ್ಟಿದ್ದರೆ ಯಾವ ಹೆಸರು ಎಂಬುದನ್ನು ಸಮಿತಿ ನಿರ್ಧರಿಸಬಹುದು. ಆ ಬಿಲ್ಲೆಯಲ್ಲಿ ಗುಲಾಬಿ ಹಸಿರಾಗಿ ತಿರುಗುವ ಹರಳು ಇದೆಯೋ ಇಲ್ಲವೋ ಎಂಬುದನ್ನು ಯಾವ ಸಮಿತಿಯೂ ನಿರ್ಧರಿಸಲಾರದು. ಅದಿದ್ದಲ್ಲಿ ಬಿಸಿಯೂ ಒಣ ಪರಿಸರವೂ ಇದ್ದಿರಬೇಕೆಂಬ ಅನುಮಾನ ಕಬ್ಬಾಳದಲ್ಲೂ ನಿಲ್ಲುತ್ತದೆ, ಬಿಳಿಗಿರಿರಂಗನ ಬೆಟ್ಟದಲ್ಲೂ ನೀಲಗಿರಿಯಲ್ಲೂ ಅಂಟಾರ್ಕ್ಟಿಕಾದಲ್ಲೂ ನಿಲ್ಲುತ್ತದೆ.

ಬೌದ್ಧ ತಾರ್ಕಿಕ ಧರ್ಮಕೀರ್ತಿ ಈ ಆಕ್ಷೇಪವನ್ನು ಮೊದಲೇ ಊಹಿಸಿದ್ದ. ಜ್ವರ ಇಳಿಸುವ ಹಲವು ಮೂಲಿಕೆಗಳಲ್ಲಿ ಒಂದೇ ಸಾಮಾನ್ಯ ಇಲ್ಲದಿದ್ದರೂ ಅವು ಒಂದೇ ಕೆಲಸ ಮಾಡುತ್ತವೆ. ಕಾರ್ಯದ ಐಕ್ಯದಿಂದಲೇ ಹೆಸರಿನ ಐಕ್ಯ ಎಂದು ಅವನು ಉತ್ತರಿಸಿದ. ಇದು ಸತ್ಯಕ್ಕೆ ಬಹಳ ಹತ್ತಿರದ ಉತ್ತರ. ಬೇರೆ ಬೇರೆ ಹುಟ್ಟಿನ ಚಾರ್ನೊಕೈಟ್‌ಗಳು ಒಂದೇ ಸಂಗತಿಗೆ ಸಾಕ್ಷಿಯಾಗುವುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ಆದರೂ ಒಂದು ಸಂಗತಿ ಇದಕ್ಕೆ ನಿಲುಕುವುದಿಲ್ಲ. 1988ರಲ್ಲಿ ಪೈರಾಕ್ಸೀನ್ ಖನಿಜಗಳ ಹೆಸರುಗಳನ್ನು ಪರಿಷ್ಕರಿಸಿದಾಗ ಹೈಪರ್ಸ್ತೀನ್ ಎಂಬ ಹೆಸರನ್ನೇ ಅಧಿಕೃತ ಪಟ್ಟಿಯಿಂದ ಕೈಬಿಡಲಾಯಿತು. ಈಗ ಚಾರ್ನೊಕೈಟಿನ ಲಕ್ಷಣ ಹೇಳುವಾಗ ಆರ್ಥೊಪೈರಾಕ್ಸೀನ್ ಎನ್ನುತ್ತಾರೆ. ಹಾಲೆಂಡ್ ಕೊಟ್ಟ ಲಕ್ಷಣವಾಕ್ಯದ ಕೇಂದ್ರಪದವೇ ಬಿದ್ದುಹೋಯಿತು, ಅವರ ಜಾತಿನಿರ್ಣಯ ಅರ್ಧಕ್ಕೆ ನಿಂತಿತು, ಆದರೂ ಚಾರ್ನೊಕೈಟ್ ಎಂಬ ಹೆಸರಿಗೆ ಧಕ್ಕೆಯಾಗಲಿಲ್ಲ. ಪದ ಬರಿಯ ಮಾನಸಿಕ ವ್ಯಾವೃತ್ತಿ, ಅಂದರೆ ಹೊರಗಿಡುವಿಕೆ, ಆಗಿದ್ದರೆ, ಆ ವ್ಯಾವೃತ್ತಿಯ ಮಾತು ಬದಲಾದಾಗ ಪದದ ಅರ್ಥವೂ ಬದಲಾಗಿ ಹಾಲೆಂಡರೂ ನಾವೂ ಬೇರೆ ಬೇರೆ ವಸ್ತುಗಳ ಬಗ್ಗೆ ಮಾತನಾಡಿದಂತೆ ಆಗುತ್ತಿತ್ತು. ಹಾಗಾಗಿಲ್ಲ. ಅವರು ಹೇಳಿದ್ದರಲ್ಲಿ ಇಷ್ಟು ಸರಿ, ಇಷ್ಟು ತಪ್ಪು ಎಂದು ನಾವು ಹೇಳಬಲ್ಲೆವು. ಒಂದೇ ವಸ್ತುವನ್ನು ಕುರಿತು ಮಾತನಾಡುವವರ ನಡುವೆ ಮಾತ್ರ ಸರಿ ತಪ್ಪುಗಳ ಮಾತು ಸಾಧ್ಯ. ಅಂದರೆ ಪದ ನಮ್ಮ ಲಕ್ಷಣವಾಕ್ಯವನ್ನು ದಾಟಿ ಆ ಕಲ್ಲಿಗೇ ಅಂಟಿಕೊಂಡಿದೆ. ವ್ಯಕ್ತಿಯನ್ನು ತೋರಿಸಿ ಹೆಸರಿಟ್ಟದ್ದರಿಂದ ಬಂದ ಶಕ್ತಿ ಇದು.

ನನ್ನ ವಾದವನ್ನು ಈಗ ಒಟ್ಟಾಗಿ ಹೇಳಬಹುದು. ಹೆಸರಿನ ಸತ್ಯ ಇರುವುದು ಅದರ ಹಿಂದೆ ನಿತ್ಯವಾದ ಜಾತಿಯೊಂದು ಇದೆಯೇ ಎಂಬುದರಲ್ಲಿ ಅಲ್ಲ. ತಿದ್ದುವ ಅಧಿಕಾರ ಯಾವ ದಿಕ್ಕಿನಲ್ಲಿ ಹರಿಯುತ್ತದೆ ಎಂಬುದರಲ್ಲಿ. ವ್ಯಕ್ತಿ ಆಕೃತಿಯನ್ನು ತಿದ್ದಬಲ್ಲದಾದರೆ, ಆಕೃತಿ ಜಾತಿಯ ಬಗೆಗಿನ ನಮ್ಮ ಕಲ್ಪನೆಯನ್ನು ತಿದ್ದಬಲ್ಲದಾದರೆ, ಆ ಹೆಸರು ಸತ್ಯಕ್ಕೆ ಬದ್ಧವಾಗಿದೆ. ಜಾತಿಯ ಕಲ್ಪನೆಯೇ ಮೊದಲು ನಿಂತು, ವ್ಯಕ್ತಿ ಅದಕ್ಕೆ ತಕ್ಕಂತೆ ಕಾಣಲೇಬೇಕೆಂದು ಹಟ ಹಿಡಿದರೆ ಆ ಹೆಸರು ಸುಳ್ಳಿಗೆ ದಾರಿಯಾಗುತ್ತದೆ. ಚಾರ್ನೊಕೈಟಿನ 130 ವರ್ಷಗಳ ಚರಿತ್ರೆ ಮೊದಲ ಬಗೆಯದು. ಹಾಲೆಂಡರ ಸಿದ್ಧಾಂತ ಇಲಾಖೆಯ ಮುದ್ರೆ ಹೊತ್ತು ಬಂದಿತ್ತು, ಮುಂದೆ ಅವರೇ ಆ ಇಲಾಖೆಯ ಮುಖ್ಯಸ್ಥರೂ ಆದರು. ಆದರೂ ಕಬ್ಬಾಳದ ಗೋಡೆಯ ಮೇಲಿನ ಮಸುಕಾದ ಪಟ್ಟೆಯೊಂದಕ್ಕೆ ಆ ಸಿದ್ಧಾಂತವನ್ನು ಪ್ರಶ್ನಿಸುವ ಹಕ್ಕಿತ್ತು.

ಇದಕ್ಕೆ ತರ್ಕನಿಷ್ಠರು ಎತ್ತುವ ಆಕ್ಷೇಪವೊಂದಿದೆ. ಜಾತಿಯ ಕಲ್ಪನೆ ಮೊದಲೇ ಇಲ್ಲದೆ ವ್ಯಕ್ತಿಯನ್ನು ಆರಿಸುವುದಾದರೂ ಹೇಗೆ? ಹಾಲೆಂಡರಿಗೆ ಶಿಲಾಶಾಸ್ತ್ರ ಗೊತ್ತಿತ್ತು. ಯಾವ ಖನಿಜ ಮುಖ್ಯ, ಯಾವುದು ನಗಣ್ಯ ಎಂಬ ತಿಳಿವಳಿಕೆಯೊಂದಿಗೇ ಅವರು ಆ ಕಲ್ಲನ್ನು ನೋಡಿದರು. ಶುದ್ಧವಾದ ವ್ಯಕ್ತಿದರ್ಶನ ಎಂಬುದೇ ಇಲ್ಲ. ಈ ಮಾತು ಸರಿ. ನೈಯಾಯಿಕರು ಕಲ್ಪನೆ ಬೆರೆಯದ ನಿರ್ವಿಕಲ್ಪಕ ಪ್ರತ್ಯಕ್ಷವನ್ನು ಒಪ್ಪಿದರೂ ಮಾತಿನಲ್ಲಿ ಹೇಳಬಲ್ಲ ಜ್ಞಾನವೆಲ್ಲ ಕಲ್ಪನೆ ಬೆರೆತ ಸವಿಕಲ್ಪಕವೇ ಎಂದರು. ಆದರೆ ಜ್ಞಾನ ಎಲ್ಲಿ ಆರಂಭವಾಗುತ್ತದೆ ಎಂಬುದು ಒಂದು ಪ್ರಶ್ನೆ, ಕೊನೆಯ ಮಾತು ಯಾರದು ಎಂಬುದು ಇನ್ನೊಂದು. ಕಲ್ಪನೆಯಿಂದ ಹೊರಟರೂ ವಸ್ತುವಿನ ಮುಂದೆ ಸೋಲಲು ಸಿದ್ಧವಿರುವುದು ಸಾಧ್ಯ. ಪಿಚ್ಚಮುತ್ತು ಕಬ್ಬಾಳಕ್ಕೆ ಹೋದಾಗ ಅವರ ತಲೆಯಲ್ಲೂ ಸಿದ್ಧಾಂತಗಳಿದ್ದವು. ಅವರ ಲೇಖನ ನಿಂತದ್ದು ಆ ಸಿದ್ಧಾಂತಗಳ ಬಲದ ಮೇಲಲ್ಲ, ಯಾರು ಬೇಕಾದರೂ ಹೋಗಿ ನೋಡಬಹುದಾದ ಗೋಡೆಯ ಬಲದ ಮೇಲೆ.

ಇನ್ನು ವೇದಾಂತಿಯ ಆಕ್ಷೇಪ ಎಲ್ಲಕ್ಕಿಂತ ಆಳವಾದದ್ದು. ಛಾಂದೋಗ್ಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ, ಒಂದು ಮಣ್ಣಿನ ಮುದ್ದೆಯನ್ನು ಅರಿತರೆ ಮಣ್ಣಿನಿಂದಾದ ಎಲ್ಲವನ್ನೂ ಅರಿತಂತೆ, ವಿಕಾರವೆಂಬುದು ಮಾತಿಗೆ ಆತುಕೊಂಡ ಹೆಸರು ಮಾತ್ರ ಎಂದು ಬೋಧಿಸುತ್ತಾನೆ. ಕಬ್ಬಾಳದ ನೈಸ್ ಮತ್ತು ಚಾರ್ನೊಕೈಟ್‌ಗಳಿಗೆ ಇದು ಹೇಳಿಮಾಡಿಸಿದಂತಿದೆ. ಕೆಲವು ಧಾತುಗಳು ಅಷ್ಟಿಷ್ಟು ಹೆಚ್ಚುಕಡಿಮೆಯಾದರೂ ಎರಡರ ರಾಸಾಯನಿಕ ಹೂರಣ ಬಹುಪಾಲು ಒಂದೇ. ಮೂಲದ್ರವ್ಯ ಒಂದೇ ಆದಮೇಲೆ ಎರಡು ಹೆಸರಿಗೆ ಅಷ್ಟೊಂದು ಬೆಲೆ ಏಕೆ? ಪರಮಾರ್ಥದ ನೆಲೆಯಲ್ಲಿ ಉದ್ದಾಲಕನ ಮಾತನ್ನು ಅಲ್ಲಗಳೆಯುವುದು ಈ ಬರಹದ ಉದ್ದೇಶವಲ್ಲ. ಆದರೆ ಆ ಉಪದೇಶದಿಂದ ವಿಕಾರಗಳನ್ನು ಅರಿಯುವುದು ವ್ಯರ್ಥ ಎಂಬ ನಿರ್ಣಯ ಹೊರಡುವುದಿಲ್ಲ. ಶಂಕರರೂ ವ್ಯವಹಾರದ ನೆಲೆಯಲ್ಲಿ ಪ್ರಮಾಣಗಳ ಮಾತನ್ನು ತಳ್ಳಿಹಾಕಲಿಲ್ಲ. ಎರಡರ ದ್ರವ್ಯ ಒಂದೇ ಎಂದು ನಮಗೆ ಗೊತ್ತಾದದ್ದಾದರೂ ಹೇಗೆ? ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿ, ಪಕ್ಕಪಕ್ಕದಲ್ಲಿಟ್ಟು, ಅಳೆದು ನೋಡಿದ್ದರಿಂದ. ಭೇದವನ್ನು ನಿಷ್ಠೆಯಿಂದ ಹಿಡಿದವರಿಗೆ ಮಾತ್ರ ಅಭೇದ ಕಂಡಿತು. ಅಲ್ಲದೆ ದ್ರವ್ಯ ಒಂದೇ ಆದರೂ ಆಳ, ಬಿಸಿ, ಅನಿಲದ ಹರಿವು, 250 ಕೋಟಿ ವರ್ಷಗಳ ಹಿಂದಿನ ಒಂದು ಘಟನೆ ಬರೆದಿಟ್ಟಿರುವುದು ರೂಪದಲ್ಲಿ. ರೂಪವನ್ನು ಬರಿಯ ಹೆಸರೆಂದು ಬದಿಗೊತ್ತಿದರೆ ಭೂಮಿಯ ಚರಿತ್ರೆಯನ್ನೇ ಬದಿಗೊತ್ತಿದಂತೆ.

ಕೊನೆಯ ಆಕ್ಷೇಪ ಹೆಸರಿನ ಗೌರವಕ್ಕೆ ಸಂಬಂಧಿಸಿದ್ದು. ನಮ್ಮ ಬೆಟ್ಟಗಳ ಶಿಲೆಗೆ ವಸಾಹತು ಕಾಲದ ವ್ಯಾಪಾರಿ ಕಂಪನಿಯ ಅಧಿಕಾರಿಯ ಹೆಸರು ಏಕಿರಬೇಕು? ಚಾರ್ನಾಕನನ್ನು ಕೋಲ್ಕತ್ತದ ಸಂಸ್ಥಾಪಕನೆಂದು ಕರೆಯಲಾಗದು ಎಂದು ಕಲ್ಕತ್ತ ಹೈಕೋರ್ಟ್ 2003ರಲ್ಲಿ ಹೇಳಿದ ಮೇಲೂ ಶಿಲೆಯ ಹೆಸರು ಹಾಗೇ ಉಳಿದಿದೆ. ಈ ಅಸಮಾಧಾನ ನ್ಯಾಯವಾದದ್ದೇ. ಆದರೆ ಪದದ ಅರ್ಥ ಅದರ ವ್ಯುತ್ಪತ್ತಿಯಲ್ಲಿ ಸೆರೆಯಾಗಿರುವುದಿಲ್ಲ ಎಂದು ನಮ್ಮ ಶಾಸ್ತ್ರಕಾರರು ವ್ಯುತ್ಪತ್ತಿಯ ಅರ್ಥವಾದ ಯೋಗ, ಬಳಕೆಯ ಅರ್ಥವಾದ ರೂಢಿಗಳನ್ನು ಬೇರ್ಪಡಿಸಿ ಎಂದೋ ತೋರಿಸಿದ್ದಾರೆ. ಇತ್ತೀಚಿನವರು ಬುದ್ಧಿಪೂರ್ವಕ ಮಾಡಿಕೊಂಡ ಸಂಕೇತಕ್ಕೆ ನವ್ಯನೈಯಾಯಿಕರು ಪರಿಭಾಷೆ ಎಂದರು. ಚಾರ್ನೊಕೈಟ್ ಪಾರಿಭಾಷಿಕವಾಗಿ ಹುಟ್ಟಿ ರೂಢಿಯಿಂದ ಬಲಿತ ಪದ. ಅದನ್ನು ಬದಲಿಸಲೇಬೇಕೆಂದು ಭೂವಿಜ್ಞಾನಿಗಳು ಮುಂದೊಂದು ದಿನ ನಿರ್ಧರಿಸಿದರೆ ಕಲ್ಲಿನ ಬಗೆಗಿನ ಒಂದು ಸತ್ಯವೂ ನಷ್ಟವಾಗದು. ಹೆಸರಿಗಿಂತ ಹೆಸರಿನ ನಡತೆ ಮುಖ್ಯ. ನಡತೆಯ ಮಟ್ಟಿಗೆ ಈ ಪದ ಕಲ್ಲಿನ ಮಾತನ್ನು ಕೇಳಿಕೊಂಡೇ ಬಂದಿದೆ.

ಈ ವಿಚಾರ ಕಲ್ಲಿಗಷ್ಟೇ ಸಂಬಂಧಿಸಿದ್ದಾಗಿದ್ದರೆ ಇಷ್ಟು ಕಾಳಜಿಯಿಂದ ಬಿಡಿಸಬೇಕಾಗಿರಲಿಲ್ಲ. ಜಾತಿ ಎಂಬ ಪದಾರ್ಥದ ಚರ್ಚೆ ನಮ್ಮ ದೇಶದಲ್ಲಿ ಹಸು ಗಡಿಗೆಗಳಲ್ಲಿ ನಿಲ್ಲಲಿಲ್ಲ. ಬ್ರಾಹ್ಮಣತ್ವ ವಸ್ತುವಿನಲ್ಲೇ ಇರುವ ನಿಜವಾದ ಜಾತಿ ಎಂದು ಕುಮಾರಿಲ ಭಟ್ಟ ಸಮರ್ಥಿಸಿದ. ಬೌದ್ಧ ತಾರ್ಕಿಕರು ಅದನ್ನು ಖಂಡಿಸಿದರು. ಎದುರಿಗೆ ನಿಂತ ಇಬ್ಬರು ಮನುಷ್ಯರ ಮೈಯಲ್ಲಿ ಅಂಥ ಭೇದವನ್ನು ತೋರಿಸುವ ಯಾವ ಆಕೃತಿಯೂ ಇಲ್ಲ ಎಂಬುದು ಖಂಡನೆಯ ತಿರುಳು. ಹನ್ನೆರಡನೆಯ ಶತಮಾನದ ಶರಣರು ಅದೇ ಸತ್ಯವನ್ನು ಕನ್ನಡದಲ್ಲಿ, ಬದುಕಿನ ಬೆಲೆ ತೆತ್ತು, ಹೇಳಿದರು. ಮೇಲೆ ಹೇಳಿದ ಅಳತೆಗೋಲನ್ನು ಇಲ್ಲಿಟ್ಟು ನೋಡಿ. ಹುಟ್ಟಿನ ಹೆಸರು ಮೊದಲು ಬರುತ್ತದೆ. ಗುಣ, ನಡತೆ, ಸಾಮರ್ಥ್ಯಗಳನ್ನು ಆ ಹೆಸರಿಗೆ ತಕ್ಕಂತೆ ಕಾಣಲಾಗುತ್ತದೆ. ವ್ಯಕ್ತಿ ಬೇರೆಯಾಗಿ ಕಂಡರೆ ತಪ್ಪು ವ್ಯಕ್ತಿಯದೆಂದು ತೀರ್ಪಾಗುತ್ತದೆ. ಅಧಿಕಾರ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ಮನುಷ್ಯನಿಗೆ ಬಾಯಿದೆ, ತನ್ನ ಬಗ್ಗೆ ತಾನೇ ಹೇಳಬಲ್ಲ. ಮಾತಿಲ್ಲದ ಕಲ್ಲಿಗೆ ನಾವು ಕೊಟ್ಟ ತಿದ್ದುವ ಹಕ್ಕನ್ನು ಮಾತುಳ್ಳ ಮನುಷ್ಯನಿಗೆ ಕೊಡದಿರುವುದು ತರ್ಕಕ್ಕೂ ಧರ್ಮಕ್ಕೂ ಎಸಗಿದ ಅಪಚಾರ.

ಮನುಷ್ಯರ ವಿಷಯದಲ್ಲಿ ಹೆಸರುಗಳೇ ಬೇಡ ಎಂದು ಇದರರ್ಥವಲ್ಲ. ಹೆಸರಿಲ್ಲದೆ ಅನ್ಯಾಯವನ್ನು ಗುರುತಿಸುವುದೂ ಅಸಾಧ್ಯ. ನೊಂದವರು ತಮ್ಮನ್ನು ತಾವು ಒಂದು ಹೆಸರಿನಡಿ ಸೇರಿಸಿಕೊಂಡಾಗಲೇ ಅವರ ನೋವು ಲೆಕ್ಕಕ್ಕೆ ಬಂದದ್ದು. ಅಂಥ ಹೆಸರು ಉಪಾಧಿಯೆಂದು ಗೊತ್ತಿದ್ದೂ ಸತ್ಯವನ್ನು ಹೇಳಬಲ್ಲದು, ಚಾರ್ನೊಕೈಟ್ ಹೇಳುವಂತೆಯೇ. ಬೇಕಿರುವುದು ಎರಡು ನಿಷ್ಠೆಗಳು. ಹೆಸರಿಟ್ಟವರು ಯಾವ ಗುರುತನ್ನು ನೋಡಿ ಇಟ್ಟರು ಎಂಬುದು ಯಾರಾದರೂ ಪರೀಕ್ಷಿಸುವಂತಿರಬೇಕು. ಪರೀಕ್ಷೆಯಲ್ಲಿ ಹೆಸರಿಗೂ ವಸ್ತುವಿಗೂ ಜಗಳ ಬಂದರೆ ವಸ್ತುವಿನ ಮಾತು ನಡೆಯಬೇಕು. ನಿತ್ಯವಾದ ಜಾತಿಯನ್ನು ನಂಬುವವರೂ ಅದನ್ನು ಅಲ್ಲಗಳೆಯುವವರೂ ಈ ಎರಡು ಷರತ್ತುಗಳನ್ನು ಒಪ್ಪಬಹುದು, ಒಪ್ಪಲೇಬೇಕು. ಏಕೆಂದರೆ ಇವನ್ನು ಬಿಟ್ಟುಕೊಟ್ಟ ದಿನ ಅವರ ವಾದದಲ್ಲಿ ಯಾರು ಸರಿ ಎಂದು ತೀರ್ಮಾನಿಸುವ ದಾರಿಯೇ ಉಳಿಯುವುದಿಲ್ಲ. ಹೆಸರಿಡುವುದು ವಸ್ತುವಿನ ಮೇಲೆ ನಾವು ಪಡೆಯುವ ಒಡೆತನವಲ್ಲ, ಅದರ ಮಾತಿಗೆ ಕಿವಿಗೊಡುತ್ತೇವೆಂದು ಹೊರುವ ಹೊಣೆ. ಆ ಹೊಣೆಯನ್ನು ಹೊತ್ತಷ್ಟು ಕಾಲ ಮಾತ್ರ ಯಾವುದೇ ಹೆಸರಿಗೆ ತಾನು ನಿಜವೆಂದು ಹೇಳಿಕೊಳ್ಳುವ ಅರ್ಹತೆ ಇರುತ್ತದೆ.